ಗುಂಡಿ ಅಕ್ಕನ ನಿಧಾನದ ತಟ್ಟೆ

ಗುಂಡಿ ಅಕ್ಕ ಎಂದರೆ ಹಳ್ಳ ತೋಡುವವಳು ಎಂದು ತಿಳಿಯಬೇಡಿ. ಅಂಗಿಯ ಗುಂಡಿ, ಕೋಟಿನ ಗುಂಡಿ, ದಿಂಬಿನ ಗವಸಿನ ಗುಂಡಿ ಮಾರುವವಳು. ಅವಳ ಅಂಗಡಿಯ ಬೋರ್ಡಿನ ಮೇಲೆ 'ಇಲ್ಲಿ ಎಲ್ಲಾ ಬಗೆಯ ಗುಂಡಿಗಳು ಸಿಗುತ್ತವೆ' ಎಂದು ಬರೆದಿತ್ತು. ಯಾವನೋ ತರಲೆ ಅದರ ಕೆಳಗೆ ಸೀಮೆಸುಣ್ಣದಲ್ಲಿ 'ಹೊರಗೆ ರಸ್ತೆಯಲ್ಲೂ ಸಿಗುತ್ತವೆ' ಎಂದು ಗೀಚಿ ಹೋದ. ಬೇರೆಯವರಾಗಿದ್ದರೆ ಒದ್ದೆ ಬಟ್ಟೆ ತಂದು ಒರೆಸುತ್ತಿದ್ದರು, ಹತ್ತು ಜನಕ್ಕೆ ಕೇಳುವ ಹಾಗೆ ಬೈಯುತ್ತಿದ್ದರು. ಇವಳು ಮಾರನೆಯ ದಿನವೇ ಪೇಂಟರನ್ನು ಕರೆಸಿ ಆ ಸಾಲನ್ನೂ ಬಣ್ಣದಲ್ಲಿ ಬರೆಸಿಬಿಟ್ಟಳು. ಹೆಂಗಸೇ ಅಂಥವಳು. ಯಾರಾದರೂ ಅಪಸ್ವರ ಎತ್ತಿದರೆ ಅದನ್ನೂ ಹಾಡಿಗೆ ಸೇರಿಸಿಕೊಳ್ಳುವ ಜಾಯಮಾನ.

ಅಂಗಡಿ ರೈಲು ಬೋಗಿಯ ಹಾಗೆ ಉದ್ದಕ್ಕಿದೆ, ಅಗಲವಿಲ್ಲ. ಇಬ್ಬರು ಗಿರಾಕಿಗಳು ಎದುರುಬದುರಾದರೆ ಒಬ್ಬರು ಉಸಿರು ಬಿಗಿಹಿಡಿದು ಗೋಡೆಗೆ ಒರಗಬೇಕು. ಎರಡೂ ಗೋಡೆಗೆ ಸೂರಿನವರೆಗೆ ಪುಟ್ಟ ಪುಟ್ಟ ಮರದ ಡ್ರಾಯರುಗಳು, ಪ್ರತಿಯೊಂದರ ಮುಖಕ್ಕೂ ಒಳಗಿರುವ ಸರಕಿನ ಒಂದೊಂದು ಗುಂಡಿ. ಒಂದು ಏಣಿ, ಒಂದು ಗಾಜಿನ ಕೌಂಟರು. ಹಿಂದೆ ಮರದ ತಡಿಕೆ, ತಡಿಕೆಯ ಆಚೆ ಒಂದು ಕೋಣೆ. ಅಪ್ಪ ಅಮ್ಮ ಬೇಗ ಹೋಗಿಬಿಟ್ಟ ಮೇಲೆ ಅಕ್ಕತಂಗಿಯರಿಬ್ಬರೂ ಸೋದರಮಾವನ ಕೈಯಲ್ಲಿ ಬೆಳೆದದ್ದು ಈ ಕೋಣೆಯಲ್ಲೇ. ಮಾವ ಮದುವೆಯಾಗಲಿಲ್ಲ. ಕೇಳಿದವರಿಗೆಲ್ಲ "ನನಗೆ ಸರಿಹೊಂದೋ ಗುಂಡಿ ಸಿಗಲಿಲ್ಲಪ್ಪ" ಎನ್ನುತ್ತಿದ್ದ. ಗುಂಡಿಯನ್ನು ಗಾಜಿನ ಮೇಲೆ ಬೀಳಿಸಿ, ಸದ್ದು ಕೇಳಿ, ಇದು ಕೊಂಬಿನದು, ಇದು ಚಿಪ್ಪಿನದು, ಇದು ಬರೀ ಪ್ಲಾಸ್ಟಿಕ್ಕು ಎಂದು ಗುರುತು ಹಿಡಿಯುವುದನ್ನು ದೊಡ್ಡವಳಿಗೆ ಕಲಿಸಿದವನು ಅವನೇ. ಚಿಕ್ಕವಳಿಗೂ ಕಲಿಸಲು ನೋಡಿದ. ಅವಳು ಬಿದ್ದ ಗುಂಡಿಯನ್ನು ಒದ್ದು ಆಡುತ್ತಿದ್ದಳು.

ಗುಂಡಿ ಅಕ್ಕನಿಗೆ ಒಂದು ವಿಚಿತ್ರ ಸಂಗೀತದ ಹುಚ್ಚಿದೆ, ಅದು ಅಂಟಿಕೊಂಡದ್ದೂ ಗುಂಡಿಯಿಂದಲೇ. ಆಗಿನ್ನೂ ಹದಿಹರೆಯ. ಏಣಿ ಜಾರಿ, ಹಿತ್ತಾಳೆ ಗುಂಡಿಗಳ ಡ್ರಾಯರು ಪೂರ್ತಿ ಕೆಳಗೆ ಬಂತು. ಗಾಜಿನ ಮೇಲೆ ಒಂದಷ್ಟು, ತಕ್ಕಡಿಯ ಬಟ್ಟಲಿಗೆ ಒಂದಷ್ಟು, ಹೊಸ್ತಿಲು ದಾಟಿ ಮೆಟ್ಟಿಲ ಮೇಲೆ ಟಣಟಣ ಒಂದಷ್ಟು. ಬೈಗುಳ ಬೀಳುತ್ತದೆ ಎಂದು ಹೆದರಿ ನಿಂತವಳು ಹೆದರುವುದನ್ನೇ ಮರೆತು, ಕೊನೆಯ ಗುಂಡಿ ಗಿರಗಿರ ತಿರುಗಿ ಮಲಗುವ ತನಕ ಕಿವಿ ಕೊಟ್ಟಳು. ಅದೇ ವಾರ ಮಾವನ ರೇಡಿಯೋದ ಮುಳ್ಳು ತಿರುಗಿಸುವಾಗ ಎಲ್ಲಿಂದಲೋ ಅಂಥದ್ದೇ ಸದ್ದು. ಒಬ್ಬ ಡ್ರಮ್ಮಿನ ಅಂಚು ಕೆರೆಯುತ್ತಿದ್ದ, ಇನ್ನೊಬ್ಬ ಸ್ಯಾಕ್ಸೊಫೋನಿನಲ್ಲಿ ಕಿರುಚುತ್ತಿದ್ದ, ಮತ್ತೊಬ್ಬ ಪಿಯಾನೋದ ಹೊಟ್ಟೆಗೆ ಕೈ ಹಾಕಿ ತಂತಿ ಮೀಟುತ್ತಿದ್ದ.

"ಸ್ಟೇಷನ್ ಸರಿಯಾಗಿ ಸಿಗ್ತಿಲ್ಲ, ತಿರುಗಿಸು," ಎಂದ ಮಾವ.

"ಸಿಕ್ಕಿದೆ ಮಾವ. ಇದೇ ಸ್ಟೇಷನ್ನು," ಎಂದಳು ಇವಳು.

ಅಲ್ಲಿಂದ ಇವತ್ತಿನವರೆಗೆ ಅವಳು ಆ ಸ್ಟೇಷನ್ ಬಿಟ್ಟು ಕದಲಿಲ್ಲ. ಜಾಝ್ ಎಂದರೆ ತಾಳ ಹಾಕಿಕೊಂಡು ಕುಣಿಯುವ ಹಾಡು ಎಂದುಕೊಂಡವರಿಗೆ ಇದು ಆ ಮನೆ ಬಿಟ್ಟು ಓಡಿಹೋದ ಮಗ. ಮೊದಲೇ ಕಟ್ಟಿಟ್ಟ ರಾಗವಿಲ್ಲ, ಎಣಿಸಲು ತಾಳವಿಲ್ಲ, ನುಡಿಸುವವರಿಗೆ ಆ ಗಳಿಗೆಗೆ ಏನು ಹೊಳೆಯುತ್ತದೋ ಅದು. ಫ್ರೀ ಇಂಪ್ರೊವೈಸೇಷನ್ ಎಂಬ ಉದ್ದನೆಯ ಹೆಸರಿದೆ. ತಂಗಿ ಅದಕ್ಕೆ ಇಟ್ಟ ಹೆಸರು 'ಪಾತ್ರೆ ಬಿತ್ತು'.

ತಂಗಿಯ ವಿಷಯ ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಅವಳೇ ಬಂದು ಹಾರ್ನ್ ಹೊಡೆಯುತ್ತಾಳೆ. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಿನ ಬಳಿ ಇರುವ ಇನ್ನೊಂದು ಬ್ರೇಕನ್ನು ಒತ್ತುತ್ತಾ, ಬೆಳಗಿಂದ ಸಂಜೆಯವರೆಗೆ "ನಿಧಾನ! ನಿಧಾನ!" ಎಂದು ಕೂಗುವುದೇ ಕೆಲಸ. ಅದು ಎಷ್ಟು ನಾಲಿಗೆಗೆ ಹತ್ತಿದೆಯೆಂದರೆ, ಮನೆಯಲ್ಲಿ ಗಂಡ ಚಹಾವನ್ನು ಸ್ವಲ್ಪ ಬೇಗ ಹೀರಿದರೂ "ನಿಧಾನ!" ಎಂದು ಅವಳ ಬಲಗಾಲು ನೆಲ ಒತ್ತುತ್ತದೆ. ಅಕ್ಕನ ಸಂಗೀತ ಕಂಡರೆ ಮೂಗು ಮುರಿಯುತ್ತಾಳೆ. "ಇದನ್ನ ತಲೆಕೆಳಗಾಗಿ ಹಾಕಿದ್ರೂ ಯಾರಿಗೂ ಗೊತ್ತಾಗಲ್ಲ ಬಿಡು," ಎನ್ನುವುದು ಅವಳ ಹಳೆಯ ವರಾತ. ಆದರೂ ಭಾನುವಾರ ತಪ್ಪದೆ ಬರುತ್ತಾಳೆ. ಬಿಸ್ಕತ್ತಿಗೆ ಬರುವುದು ಎಂದು ಹೇಳಿಕೊಳ್ಳುತ್ತಾಳೆ.

ಭಾನುವಾರ ಮಧ್ಯಾಹ್ನ ಎಂದರೆ ಹಿಂದಿನ ಕೋಣೆಯಲ್ಲಿ ಹೊಸ ರೆಕಾರ್ಡಿನ ಹೊತ್ತು. ಹೊಸದನ್ನು ಹುಡುಕಿ ತರುವುದು ಗುಂಡಿ ಅಕ್ಕನ ಹಕ್ಕು, ಅದನ್ನು ಯಾರಿಗೂ ಬಿಟ್ಟುಕೊಡುವವಳಲ್ಲ. ಬೆಳಿಗ್ಗೆ ಶಟರು ಎತ್ತುವ ಮುಂಚೆ ಫೋನು ಕಿವಿಗಿಟ್ಟುಕೊಂಡು ತುಣುಕು ತುಣುಕು ಕೇಳುತ್ತಾಳೆ. ಎಲ್ಲೋ ಚಳಿ ದೇಶದಲ್ಲಿ ಕಾರ್ ಶೆಡ್ಡಿನಲ್ಲಿ ಕೂತು ರೆಕಾರ್ಡು ಮಾಡಿಸುವವನು, ಖಾಲಿ ನೀರಿನ ಟ್ಯಾಂಕಿನೊಳಗೆ ಇಳಿದು ಪಿಟೀಲು ಉಜ್ಜಿದ ಅವಳಿಜವಳಿ, ಇಂಥವರೇ ಅವಳ ಬಂಧುಬಳಗ. ಮನಸ್ಸಿಗೆ ಹಿಡಿಸಿದ್ದು ಸಿಕ್ಕಿತೋ, "ಸಿಕ್ತೂ!" ಎಂದು ಒಂದು ಕೂಗು ಹಾಕುತ್ತಾಳೆ, ಎದುರಿನ ದರ್ಜಿಯ ಕತ್ತರಿ ಬಟ್ಟೆಯ ಮೇಲೆ ಅಡ್ಡ ಓಡುತ್ತದೆ.

ಆ ದರ್ಜಿಯೇ ಭಾನುವಾರದ ಮೊದಲ ಕೇಳುಗ. ದೊಡ್ಡ ದೇಹ, ಮೆತ್ತಗಿನ ಮನುಷ್ಯ. ಮುಳ್ಳು ರೆಕಾರ್ಡಿಗೆ ತಾಗುತ್ತಲೇ ಕಣ್ಣು ಮುಚ್ಚುತ್ತಾನೆ, ಸ್ವಲ್ಪ ಹೊತ್ತಿಗೆ ಗೊರಕೆಯೂ ಸೇರಿಕೊಳ್ಳುತ್ತದೆ. ಅದು ಯಾವ ರೆಕಾರ್ಡಿಗೂ ಕೆಟ್ಟದಾಗಿ ಕೇಳಿದ್ದಿಲ್ಲ. ಇನ್ನೊಬ್ಬರು ಕನ್ನಡಕದ ಅಂಗಡಿಯವರು. ಇವರು ನಿದ್ದೆ ಮಾಡುವುದಿಲ್ಲ, ಮಾತಾಡುತ್ತಾರೆ. ರೆಕಾರ್ಡು ಮುಗಿದದ್ದೇ ತಡ, ಗಂಟಲು ಸರಿಮಾಡಿಕೊಂಡು "ಇಲ್ಲಿ ಮೌನಕ್ಕೆ ಒಂದು ಬೆನ್ನುಮೂಳೆ ಇದೆ, ಗಮನಿಸಿದ್ರಾ?" ಎಂದು ಶುರುಮಾಡುತ್ತಾರೆ. ತಂಗಿ "ಗಮನಿಸಿದೆ, ಅದು ಬಿಸ್ಕತ್ತಿನ ಡಬ್ಬಿ ಪಕ್ಕದಲ್ಲೇ ಇತ್ತು," ಎನ್ನುತ್ತಾಳೆ. ಹೀಗೆ ನಡೆದುಕೊಂಡು ಬಂದಿತ್ತು.

ರೆಕಾರ್ಡು ಹಾಕುವ ಯಂತ್ರ ಮಾವನ ಕಾಲದ್ದು. ಅದರ ವೇಗ ಬದಲಿಸುವ ತಿರುಗಣೆ ಎಂದೋ ಮುರಿದುಹೋಗಿ, ಮಾವ ಆ ಜಾಗಕ್ಕೆ ಒಂದು ಕಂದು ಬಣ್ಣದ ಕೋಟಿನ ಗುಂಡಿ ಅಂಟಿಸಿದ್ದ. ಗುಂಡಿಯನ್ನು ಎಡಕ್ಕೆ ತಿರುಗಿಸಿದರೆ ನಿಮಿಷಕ್ಕೆ ಮೂವತ್ತಮೂರು ಸುತ್ತು, ಬಲಕ್ಕೆ ತಿರುಗಿಸಿದರೆ ನಲವತ್ತೈದು. ಅಂಕಿಗಳು ಅಳಿಸಿಹೋಗಿದ್ದವು. ಮಾವ ರೆಕಾರ್ಡಿಗೆ ತಟ್ಟೆ ಎನ್ನುತ್ತಿದ್ದ, ಅವನು ಹೇಳಿಕೊಟ್ಟ ಲೆಕ್ಕ ಸುಲಭದ್ದು: "ದೊಡ್ಡ ತಟ್ಟೆ ನಿಧಾನ, ಚಿಕ್ಕ ತಟ್ಟೆ ಬೇಗ." ಮಾವನ ಮಾತು ಎಂದ ಮೇಲೆ ಮುಗಿಯಿತು. ಅವಳು ಅದನ್ನು ಎಂದೂ ಪ್ರಶ್ನಿಸಲಿಲ್ಲ.

ಮಾವನ ಕೊನೆಯ ವರ್ಷಗಳಲ್ಲಿ ಅವನ ಶ್ವಾಸಕೋಶ ಸೋತಿತ್ತು. ಒಳಗೆ ಎಳೆದುಕೊಳ್ಳುವ ಉದ್ದನೆಯ ಉಸಿರು, ಆಮೇಲೆ ಒಂದು ತಡೆ, ಆಮೇಲೆ ಹೊರಗೆ ಬಿಡುವಾಗ ತುದಿಯಲ್ಲಿ ಸಣ್ಣದೊಂದು ಸಿಳ್ಳೆ. ತಡಿಕೆಯ ಈಚೆ ಕೌಂಟರಿನಲ್ಲಿ ಗುಂಡಿ ಎಣಿಸುತ್ತಾ ಗುಂಡಿ ಅಕ್ಕನ ಒಂದು ಕಿವಿ ಸದಾ ಆ ಉಸಿರಿನ ಮೇಲೆ. ಆ ತಡೆ ಬಂದಾಗಲೆಲ್ಲ ಅವಳ ಕೈ ನಿಲ್ಲುತ್ತಿತ್ತು. ಸಿಳ್ಳೆ ಕೇಳಿಸಿದ ಮೇಲೆ ಮತ್ತೆ ಎಣಿಕೆ. ಒಂದು ದಿನ ಸಿಳ್ಳೆ ಕೇಳಿಸಲಿಲ್ಲ. ಆಮೇಲೆ ಅಂಗಡಿ ಎಷ್ಟು ನಿಶ್ಶಬ್ದವಾಯಿತೆಂದರೆ, ಅವಳಿಗೆ ಅಲ್ಲಿ ಕೂರುವುದೇ ಕಷ್ಟವಾಯಿತು.

ಆ ಹೊತ್ತಿನಲ್ಲೇ ಆ ರೆಕಾರ್ಡು ಬಂದದ್ದು. ದೊಡ್ಡ ತಟ್ಟೆ. ಹೊದಿಕೆಯ ಮೇಲೆ ಯಾವುದೋ ಮನೆಯ ಮೆಟ್ಟಿಲಿನ ಚಿತ್ರ, ಹೆಸರಿನ ಜಾಗದಲ್ಲಿ ಬರೀ ಎರಡು ಅಕ್ಷರ. ಒಬ್ಬರೇ ನುಡಿಸಿದ ಸ್ಯಾಕ್ಸೊಫೋನು. ಗುಂಡಿಯನ್ನು ಎಡಕ್ಕೆ ತಿರುಗಿಸಿ ಹಾಕಿದಳು. ತಗ್ಗಿದ, ದಪ್ಪನೆಯ ದನಿ, ಅವಸರವೇ ಇಲ್ಲ. ಒಂದು ಸ್ವರ ಹುಟ್ಟಿ, ಯೋಚಿಸಿ, ಆಮೇಲೆ ಇನ್ನೊಂದನ್ನು ಕರೆಯುತ್ತಿತ್ತು. ನಡುವೆ ಒಂದು ಕಡೆ ನುಡಿಸುವವರು ಉಸಿರೆಳೆದುಕೊಳ್ಳುತ್ತಾರೆ. ಉದ್ದನೆಯ ಉಸಿರು, ಒಂದು ತಡೆ, ತುದಿಯಲ್ಲಿ ಒಂದು ಸಿಳ್ಳೆ. ಗುಂಡಿ ಅಕ್ಕ ಸೆರಗು ಬಾಯಿಗೊತ್ತಿಕೊಂಡು ಕೂತುಬಿಟ್ಟಳು. ಯಾಕೆಂದು ಯಾರಿಗೂ ಹೇಳಲಿಲ್ಲ.

ಭಾನುವಾರದ ಗುಂಪಿಗೂ ಆ ರೆಕಾರ್ಡು ಹಿಡಿಸಿತು. ನುಡಿಸಿದವನು ವಯಸ್ಸಾದವನು, ಭಾರಿ ಆಸಾಮಿ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವನು ಎಂದು ಮೂವರೂ ತೀರ್ಮಾನಿಸಿ ಅವನಿಗೆ 'ಅಜ್ಜ' ಎಂದು ಹೆಸರಿಟ್ಟರು. "ಎಪ್ಪತ್ತು ದಾಟದೆ ಈ ನಿಧಾನ ಬರೋಕೆ ಸಾಧ್ಯವೇ ಇಲ್ಲ," ಎಂದು ಕನ್ನಡಕದವರು ಅಪ್ಪಣೆ ಕೊಡಿಸಿದರು. ವರ್ಷವಿಡೀ ಹೊಸ ಹೊಸದು ಬಂದರೂ ಕೊನೆಗೆ "ಅಜ್ಜನ್ನ ಹಾಕಿ" ಎನ್ನುವುದು ರೂಢಿಯಾಯಿತು. ಗುಂಡಿ ಅಕ್ಕನಿಗಂತೂ ಶಟರು ಎಳೆದ ಮೇಲೆ ಅದನ್ನು ಒಂದು ಸಲ ಕೇಳದೆ ಊಟ ಸೇರುತ್ತಿರಲಿಲ್ಲ.

ಕೇಳಿ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ರೆಕಾರ್ಡು ಮಾಡಿಸಿದವರ ಮೂಲಕ ಅವಳು ಅಜ್ಜನಿಗೆ ಒಂದು ಸಂದೇಶ ಕಳಿಸಿದಳು. ನಿಮ್ಮ ನಿಧಾನ ನನ್ನನ್ನು ಕಾಪಾಡಿತು, ಎಂದಾದರೂ ಈ ಕಡೆ ಬಂದರೆ ನಮ್ಮ ಗುಂಡಿ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾಲ್ಕು ಜನಕ್ಕೆ ನುಡಿಸಬೇಕು ಎಂದು ಬರೆದಳು. ವಾರದೊಳಗೆ ಉತ್ತರ ಬಂತು: 'ಮುಂದಿನ ತಿಂಗಳು ಆ ದಾರಿಯಲ್ಲೇ ಹೋಗುತ್ತಿದ್ದೇನೆ. ಭಾನುವಾರ ಬರುತ್ತೇನೆ. ನನ್ನ ನಿಧಾನದ ಬಗ್ಗೆ ಇದುವರೆಗೆ ಯಾರೂ ಏನೂ ಹೇಳಿರಲಿಲ್ಲ.' ನಮ್ಮ ಭಾಷೆಯಲ್ಲಿ 'ಬರುತ್ತೇನೆ' ಎಂದವರು ಗಂಡೋ ಹೆಣ್ಣೋ, ಮುದುಕರೋ ಮಕ್ಕಳೋ, ಆ ದೇವರಿಗೇ ಗೊತ್ತು. ಗುಂಡಿ ಅಕ್ಕನಿಗೆ ಅದನ್ನು ಓದಿ ಕಾಲು ನೆಲಕ್ಕೆ ನಿಲ್ಲಲಿಲ್ಲ. ಅಜ್ಜನಿಗೆ ಕೂರಲು ಕೈ ಇರುವ ಕುರ್ಚಿ ಬೇಕು, ಬೆನ್ನಿಗೆ ದಿಂಬು ಬೇಕು, ಹೊಸ್ತಿಲಲ್ಲಿ ಎಡವದ ಹಾಗೆ ಒಂದು ಹಲಗೆ ಬೇಕು ಎಂದು ದರ್ಜಿಯನ್ನು ಓಡಾಡಿಸಿದಳು.

ಆ ಭಾನುವಾರಕ್ಕೆ ಇನ್ನು ಕೆಲವೇ ದಿನ. ತಂಗಿ ಚೀಲಕ್ಕೊಂದು ಜಿಪ್ ಬೇಕೆಂದು ಬಂದಳು. ಹಿಂದಿನ ಕೋಣೆಯಲ್ಲಿ ಅಜ್ಜನ ರೆಕಾರ್ಡು ಆಗಷ್ಟೇ ಮುಗಿದು ನಿಂತಿತ್ತು. ಅಕ್ಕ ಜಿಪ್ ಹುಡುಕುತ್ತಿದ್ದಾಗ ಇವಳು ಹೊತ್ತು ಹೋಗದೆ ತಟ್ಟೆಯ ಮೇಲೆ ಬಗ್ಗಿದಳು. ನಡುವಿನ ಕಾಗದದ ಅಂಚಿನಲ್ಲಿ ಇರುವೆ ಸಾಲಿನ ಹಾಗೆ ಏನೋ ಅಚ್ಚಾಗಿತ್ತು.

"ಅಕ್ಕಾ, ಇಲ್ಲಿ ನಲವತ್ತೈದು ಅಂತ ಇದೆ."

"ಬೆಲೆ ಇರಬೇಕು."

"ಬೆಲೆ ಅಲ್ವೇ, ಸುತ್ತು. ನಿಮಿಷಕ್ಕೆ ನಲವತ್ತೈದು ಸುತ್ತು ಅಂತ ಬರ್ದಿದೆ. ನೀನು ಯಾವುದರಲ್ಲಿ ಓಡಿಸ್ತಿದೀಯಾ?"

ಗುಂಡಿ ಅಕ್ಕ ಏಣಿಯಿಂದ ಇಳಿದು ಬಂದು ನೋಡಿದಳು. ಕಂದು ಗುಂಡಿ ಎಡಕ್ಕಿತ್ತು. ದೊಡ್ಡ ತಟ್ಟೆ ನಿಧಾನ. ಮಾವನ ಲೆಕ್ಕಕ್ಕೆ ಸಿಗದ ದೊಡ್ಡ ತಟ್ಟೆಯೂ ಇರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಅವಳು ಬೇಡ ಎನ್ನುವುದರೊಳಗೆ ತಂಗಿ ಗುಂಡಿಯನ್ನು ಬಲಕ್ಕೆ ತಿರುಗಿಸಿ ಮುಳ್ಳು ಇಟ್ಟೇಬಿಟ್ಟಳು.

ಅಯ್ಯೋ, ಅದೇನು ಸದ್ದು! ಕೋಳಿಗೂಡಿಗೆ ಬೆಕ್ಕು ನುಗ್ಗಿದ ಹಾಗೆ. ತೆಳ್ಳನೆಯ, ಚೂಪು ದನಿ, ಒಂದು ಸ್ವರದ ಬೆನ್ನಿಗೆ ಹತ್ತು ಸ್ವರ, ನಿಲುಗಡೆಯೇ ಇಲ್ಲ. ಅಜ್ಜ ಎಲ್ಲೂ ಇರಲಿಲ್ಲ. ಆ ಉಸಿರಿನ ಜಾಗ ಬಂತು, ಹುಷ್ ಎಂದು ಹೋಯಿತು, ನೆಗಡಿಯಾದವರು ಮೂಗೆಳೆದ ಹಾಗೆ.

ತಂಗಿ ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆ ಬಿದ್ದಳು. "ವರ್ಷವಿಡೀ ತಪ್ಪು ಗೇರಲ್ಲಿ ಗಾಡಿ ಓಡಿಸಿದೀರಲ್ಲೇ! ಮೌನದ ಬೆನ್ನುಮೂಳೆ ಅಂತೆ! ನಾನು ಹೇಳ್ಲಿಲ್ವಾ, ಇದನ್ನ ಹೇಗೆ ಹಾಕಿದ್ರೂ ಯಾರಿಗೂ ಗೊತ್ತಾಗಲ್ಲ ಅಂತ! ಅಜ್ಜ ಬಂದು 'ಇದ್ಯಾವುದಮ್ಮಾ' ಅಂತ ಕೇಳಿದ್ರೆ ಏನು ಹೇಳ್ತೀಯಾ?"

"ನಗು, ನಗು," ಎಂದಳು ಗುಂಡಿ ಅಕ್ಕ. "ನಿನಗೆ ಅದು ಬರೀ ವೇಗ. ಆ ಉಸಿರು ಬರ್ತಿತ್ತಲ್ಲ, ಉದ್ದಕ್ಕೆ, ಕೊನೇಲಿ ಸಿಳ್ಳೆ... ಅದು ಮಾವನ ಉಸಿರು ಇದ್ದ ಹಾಗೇ ಇತ್ತು ಕಣೇ. ದಿನಾ ಅದನ್ನ ಕೇಳ್ಕೊಂಡು ಅನ್ನ ಉಣ್ತಿದ್ದೆ. ಈಗ ಅದೂ ಇಲ್ಲ ಅಂತಾಯ್ತು. ಎರಡನೇ ಸಲ ಹೋದ ಹಾಗಾಯ್ತು ಮಾವ."

ತಂಗಿ ಮಂಚದಿಂದ ಎದ್ದಳು. ಜಿಪ್ ಅಲ್ಲೇ ಬಿಟ್ಟು ಹೊರಟುಹೋದಳು.

ಶನಿವಾರ ಗುಂಡಿ ಅಕ್ಕ, ದರ್ಜಿ, ಕನ್ನಡಕದವರು ಮೂವರೂ ಕೌಂಟರಿನ ಮುಂದೆ ತಲೆ ಸೇರಿಸಿದರು. ವಿಷಯ ಕೇಳಿ ಕನ್ನಡಕದವರ ಮುಖ ಹುಳ್ಳಗಾಗಿತ್ತು. ಊರಿಗೆಲ್ಲ ಸಣ್ಣ ಅಕ್ಷರ ಓದಿಸುವ ಮನುಷ್ಯ, ತನ್ನ ಮೂಗಿನ ಕೆಳಗಿದ್ದ ಸಣ್ಣ ಅಕ್ಷರ ಓದಿರಲಿಲ್ಲ.

"ಹೇಳೋದು ಬೇಡ," ಎಂದರು ಅವರು. "ರೆಕಾರ್ಡನ್ನ ಮಂಚದ ಕೆಳಗೆ ತಳ್ಳಿ. ಬಂದವರು ನುಡಿಸ್ತಾರೆ, ನಾವು ಚಪ್ಪಾಳೆ ತಟ್ತೀವಿ, ಹೋಗ್ತಾರೆ. ಎಲ್ಲರೂ ಬಾಯಿಗೆ ಬೀಗ."

"ಬೀಗ ಯಾಕೆ, ಇಷ್ಟೊಂದು ಗುಂಡಿ ಇದೆಯಲ್ಲ, ಒಂದೊಂದು ಹೊಲೀತೀನಿ," ಎಂದ ದರ್ಜಿ. ಆಮೇಲೆ ಮೆಲ್ಲಗೆ, "ನನಗೆ ಎರಡೂ ಚೆನ್ನಾಗೇ ಇದೆ. ಆದ್ರೆ ನಿದ್ದೆ ಬರೋದು ಮಾತ್ರ ನಿಧಾನದ್ದರಲ್ಲೇ," ಎಂದ.

ಗುಂಡಿ ಅಕ್ಕನಿಗೆ ನಗು ಬರಲಿಲ್ಲ. ಮರ್ಯಾದೆಯ ಪ್ರಶ್ನೆ ಇರಲಿ, ಅದನ್ನು ಹೇಗಾದರೂ ನುಂಗಿಕೊಳ್ಳಬಹುದಿತ್ತು. ಬೇರೆಯದೇ ಒಂದು ಮಾತು ಅವಳ ತಲೆಯೊಳಗೆ ಹುಳದ ಹಾಗೆ ಕೊರೆಯುತ್ತಿತ್ತು. ಇಷ್ಟು ವರ್ಷ ತನ್ನ ಕಿವಿಯನ್ನು ನಂಬಿ ಬದುಕಿದವಳು. ಇಲ್ಲದ ಅಜ್ಜನನ್ನು ಆ ಕಿವಿ ಇದ್ದಾನೆ ಎಂದಿತ್ತು, ಇಲ್ಲದ ಉಸಿರನ್ನು ಕೇಳಿತ್ತು. ಹಾಗಾದರೆ ತಂಗಿ ಹೇಳಿದ್ದೇ ನಿಜವೇ? ತಾನು ಇದುವರೆಗೆ ಹುಡುಕಿ ತಂದು ಎದೆಗೊತ್ತಿಕೊಂಡದ್ದೆಲ್ಲ ಬರೀ ಪಾತ್ರೆ ಬಿದ್ದ ಸದ್ದೇ? ಬರಬೇಡಿ ಎಂದು ತಿಳಿಸೋಣವೆಂದರೆ ಅತಿಥಿ ಆಗಲೇ ರೈಲು ಹತ್ತಿಯಾಗಿತ್ತು.

ಭಾನುವಾರ ಬಂತು. ತಂಗಿ ಎಂದೂ ಇಲ್ಲದೆ ಬೇಗ ಬಂದು, "ನೀನು ಬಿಸ್ಕತ್ತು ತಗೊಂಡು ಬಾ, ನಾನು ಕೋಣೆ ಗುಡಿಸ್ತೀನಿ," ಎಂದಳು. ಮುಖ ಕೊಟ್ಟು ಮಾತಾಡಲಿಲ್ಲ. ಗುಂಡಿ ಅಕ್ಕ ಬೇಕರಿಗೆ ಹೋಗಿ, ಅಜ್ಜನಿಗೆ ಹಲ್ಲಿರುತ್ತದೋ ಇಲ್ಲವೋ ಎಂದು ಯೋಚಿಸಿ ಮೆತ್ತಗಿನ ಬನ್ನನ್ನೂ ಕಟ್ಟಿಸಿಕೊಂಡು ಬಂದಳು. ರಸ್ತೆಯ ತಿರುವಿಗೆ ಬರುತ್ತಲೇ ಕಿವಿ ನಿಮಿರಿತು. ಅಂಗಡಿಯೊಳಗಿಂದ ಅಜ್ಜನ ದನಿ. ತಗ್ಗಿದ, ದಪ್ಪನೆಯ, ಅವಸರವಿಲ್ಲದ ದನಿ. ಎಡಕ್ಕೆ ತಿರುಗಿಸಿದ ಗುಂಡಿ!

ಅವಳ ಪಿತ್ತ ನೆತ್ತಿಗೇರಿತು. ಇನ್ನೇನು ಅತಿಥಿ ಬರುವ ಹೊತ್ತು, ಇವಳು ಮಾನ ಕಳೆಯಲೆಂದೇ ಹಾಕಿ ಕೂತಿದ್ದಾಳೆ! ಬನ್ನಿನ ಪೊಟ್ಟಣ ಹಿಸುಕಿಕೊಂಡು ದಾಪುಗಾಲು ಹಾಕಿ ಒಳಗೆ ನುಗ್ಗಿದಳು. ಏಣಿಯ ಬಳಿ ಯಾರೋ ಹುಡುಗಿ ನಿಂತಿದ್ದಳು. ಕುಳ್ಳಗೆ, ಸಣ್ಣಗೆ, ಬೆನ್ನಿಗೆ ಛತ್ರಿಯ ಚೀಲದಂಥದ್ದೇನೋ, ಕೋಟಿನ ಎದೆಯಲ್ಲಿ ಒಂದು ಗುಂಡಿ ಇಲ್ಲ.

"ಇವತ್ತು ಭಾನುವಾರ, ಅಂಗಡಿ ರಜ," ಎಂದಳು ಗುಂಡಿ ಅಕ್ಕ.

"ಶ್!" ಎಂದಳು ಹುಡುಗಿ, ತುಟಿಯ ಮೇಲೆ ಬೆರಳಿಟ್ಟು.

ತನ್ನ ಅಂಗಡಿಯಲ್ಲಿ, ತನ್ನ ಸಂಗೀತಕ್ಕೆ, ತನ್ನನ್ನೇ ಸುಮ್ಮನಿರಿಸಿದವರು ಇದುವರೆಗೆ ಒಬ್ಬರೂ ಇರಲಿಲ್ಲ. ಇನ್ನೇನು ಬೈಯಬೇಕು. ಅಷ್ಟರಲ್ಲಿ ಆ ಜಾಗ ಬಂತು. ಉದ್ದನೆಯ ಉಸಿರು, ತಡೆ, ಸಿಳ್ಳೆ. ಹುಡುಗಿ ಕಣ್ಣು ಮುಚ್ಚಿಕೊಂಡಳು. ರೆಕಾರ್ಡಿನ ಆ ಮಗ್ಗಲು ಮುಗಿಯುವವರೆಗೂ ಇಬ್ಬರೂ ಕದಲಲಿಲ್ಲ.

"ಯಾರದು ಇದು?" ಎಂದು ಕೇಳಿದಳು ಹುಡುಗಿ, ಒಂದೇ ಉಸಿರಿಗೆ. "ನಾನು ಇಂಥದ್ದನ್ನೇ ಹುಡುಕ್ತಾ ಊರೂರು ಸುತ್ತುತೀನಿ, ಇದನ್ನ ಕೇಳೇ ಇಲ್ಲ. ಎಲ್ಲಿ ಸಿಕ್ತು ನಿಮಗೆ? ಯಾರು ಈ ಮುದುಕ? ಉಸಿರು ತಗೊಳ್ಳೋ ಜಾಗ ಕೇಳಿದ್ರಾ? ನನಗೆ ಹಾಗೆ ನಿಲ್ಲೋಕೇ ಬರಲ್ಲ. ನನ್ನ ಮೇಷ್ಟ್ರು ಬೈದು ಬೈದು ಸಾಕಾದ್ರು. ಹೇಳಿ, ನಾನೂ ಒಂದು ತರಿಸ್ಕೋಬೇಕು."

ಗುಂಡಿ ಅಕ್ಕನ ಸಿಟ್ಟೆಲ್ಲ ಬೆಣ್ಣೆಯಾಯಿತು. ಇಂಥ ಗಿರಾಕಿ ಜನ್ಮಕ್ಕೊಬ್ಬಳು. ಅಭ್ಯಾಸಬಲದಿಂದ ಕೈ ಡ್ರಾಯರಿಗೆ ಹೋಗಿ, ಆ ಕೋಟಿಗೆ ಹೊಂದುವ ಗುಂಡಿಯನ್ನು ಗಾಜಿನ ಮೇಲೆ ಬೀಳಿಸಿತು. "ಒಬ್ಬ ಅಜ್ಜನದಮ್ಮಾ," ಎಂದಳು. "ಇವತ್ತು ಇಲ್ಲಿಗೇ ಬರ್ತಿದ್ದಾರೆ. ತಗೋ, ಹೊದಿಕೆ ನೋಡು." ಕೌಂಟರಿನ ಕೆಳಗೆ ಬಚ್ಚಿಟ್ಟಿದ್ದ ಹೊದಿಕೆಯನ್ನು ತೆಗೆದು ಕೊಟ್ಟಳು.

ಹುಡುಗಿ ಹೊದಿಕೆ ನೋಡಿದಳು. ತಿರುಗಿಸಿ ನೋಡಿದಳು. ಗುಂಡಿ ಅಕ್ಕನ ಮುಖ ನೋಡಿದಳು.

"ಇದು ನಮ್ಮನೆ ಮೆಟ್ಟಿಲು," ಎಂದಳು.

ತಡಿಕೆಯ ಹಿಂದಿನಿಂದ ಪೊರಕೆ ಬಿದ್ದ ಸದ್ದಾಯಿತು. ತಂಗಿ ಹೊರಗೆ ಬಂದಳು. ಮೂಗು ಕೆಂಪಾಗಿತ್ತು, ಕಣ್ಣು ಒದ್ದೆಯಾಗಿತ್ತು. "ಅಕ್ಕಾ, ನೀನು ಬರೋದ್ರೊಳಗೆ ನಿಲ್ಲಿಸ್ತಿದ್ದೆ. ನೀನು ಮಾವ ಅಂದ್ಯಲ್ಲ, ಒಂದ್ಸಲ ಸರಿಯಾಗಿ ಕೇಳೋಣ ಅಂತ... ಕೇಳ್ತಾ ಕೂತುಬಿಟ್ಟೆ."

ಇನ್ನು ಮುಚ್ಚಿಟ್ಟು ಏನು ಮಾಡುವುದು? ಗುಂಡಿ ಅಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕಂದು ಗುಂಡಿ, ಮಾವನ ಲೆಕ್ಕ, ನಲವತ್ತೈದು, ಇಲ್ಲದ ಅಜ್ಜ, ಎಲ್ಲವನ್ನೂ. ಹೇಳುತ್ತಾ ಹೇಳುತ್ತಾ ಬನ್ನುಗಳು ಕೈಯಲ್ಲಿ ಪುಡಿಪುಡಿಯಾದವು. ಹುಡುಗಿ ಏಣಿಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಇಬ್ಬರೂ ಗಾಬರಿಯಾದರು. ತಲೆ ಎತ್ತಿದಾಗ ನೋಡಿದರೆ ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು ನಗು.

"ಅಂದ್ರೆ ಆ ಮುದುಕ ನಾನೇನಾ!" ಎಂದಳು. "ಆ ಉಸಿರು ಅಡ್ಡ ಬಂತು, ತೆಗೆದುಹಾಕಿ ಅಂತ ರೆಕಾರ್ಡು ಮಾಡಿದವರ ಹತ್ರ ಜಗಳ ಆಡಿದ್ದೆ. ಅವರು ಒಪ್ಪಲಿಲ್ಲ. ಅಕ್ಕಾ, ಇನ್ನೊಂದ್ಸಲ ಹಾಕಿ. ಗುಂಡಿ ಮುಟ್ಟಬೇಡಿ, ಅದು ಅಲ್ಲೇ ಇರಲಿ."

ಗುಂಡಿ ಅಕ್ಕ ಹಾಕಿದಳು. ಕಿವಿ ಸುಳ್ಳು ಹೇಳಿರಲಿಲ್ಲ. ಆ ಉಸಿರು ಅದರೊಳಗೆ ಇದ್ದೇ ಇತ್ತು, ಬಿಟ್ಟವಳಿಗೇ ಅದರ ಬೆಲೆ ಗೊತ್ತಿರಲಿಲ್ಲ ಅಷ್ಟೇ. ಗುಂಡಿ ಅಕ್ಕ ಸಂತೋಷ ತಡೆಯಲಾಗದೆ ತಂಗಿಯ ತಲೆಗೆ ಒಂದು ಮೊಟಕಿದಳು. ತಂಗಿ ತಲೆ ಉಜ್ಜಿಕೊಂಡು ಬಿದ್ದಿದ್ದ ಪೊರಕೆ ಎತ್ತಿಕೊಂಡಳು.

ಮಧ್ಯಾಹ್ನ ಕೋಣೆ ತುಂಬಿತು. ಅಜ್ಜನಿಗೆಂದು ತಂದಿದ್ದ ಕೈಕುರ್ಚಿಯಲ್ಲಿ ಕನ್ನಡಕದವರು ಕೂತರು. ಹುಡುಗಿಯನ್ನು ಕಂಡು ಅವರ ಬಾಯಿಯ ಬೀಗ ತಾನಾಗಿಯೇ ಬಿದ್ದಿತ್ತು, ಯಾರೂ ಹೇಳಬೇಕಾಗಲಿಲ್ಲ. ದರ್ಜಿ ಅವಳ ಕೋಟಿಗೆ ಗುಂಡಿ ಹೊಲಿದು ಕೊಟ್ಟು ಮೂಲೆಯ ದಿಂಬು ಹಿಡಿದ. ಹುಡುಗಿ ಚೀಲದಿಂದ ನೆಟ್ಟಗಿನ, ಪುಟ್ಟ ಸ್ಯಾಕ್ಸೊಫೋನು ತೆಗೆದು ಶುರುಮಾಡಿದಳು. ಶುರುಮಾಡಿದ್ದೇ ತಡ, ಅದೇ ಕೋಳಿಗೂಡು! ಬೆರಳುಗಳು ಬಿಟ್ಟ ಕುದುರೆ. ಸ್ವರಗಳು ತಡಿಕೆ ದಾಟಿ ಡ್ರಾಯರುಗಳಿಗೆ ಬಡಿದು, ಕೋಣೆಯ ತುಂಬ ಸಿಡಿದವು. ದರ್ಜಿಯ ಕಣ್ಣು ಪೂರ್ತಿ ತೆರೆದುಕೊಂಡಿತು. ಗುಂಡಿ ಅಕ್ಕನಿಗೆ ಹಿತ್ತಾಳೆ ಗುಂಡಿಗಳು ಮೆಟ್ಟಿಲಿಳಿದ ಆ ದಿನ ನೆನಪಾಗಿ, ಈ ಬೇಗವೂ ತನ್ನದೇ ಎನ್ನಿಸಿತು. ಸದ್ದು ಇನ್ನೂ ಏರಿತು, ಇನ್ನೂ ಓಡಿತು, ಇನ್ನೇನು ಗೋಡೆಗೆ ಗುದ್ದಬೇಕು ಎನ್ನುವಾಗ—

"ನಿಧ್ಧಾನ! ನಿಧಾನ!" ಎಂದು ತಂಗಿ ಕೂಗಿಬಿಟ್ಟಳು. ಇಲ್ಲದ ಬ್ರೇಕನ್ನು ಅವಳ ಬಲಗಾಲು ನೆಲಕ್ಕೆ ಒತ್ತಿಹಿಡಿದಿತ್ತು.

ಕೋಣೆಗೆ ಕೋಣೆಯೇ ಗೊಳ್ಳೆಂದಿತು. ತಂಗಿ ನಾಲಿಗೆ ಕಚ್ಚಿಕೊಂಡಳು. ಹುಡುಗಿಗೂ ನಗು ತಡೆಯದೆ ವಾದ್ಯ ತುಟಿಯಿಂದ ಜಾರಿತು. ಆಮೇಲೆ ಅವಳು ಗುಂಡಿ ಅಕ್ಕನ ಕಡೆ ಒಮ್ಮೆ ನೋಡಿ, ಸುಮ್ಮನಾಗಿ, ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. ಅವಸರವಿಲ್ಲದೆ, ಎದೆ ತುಂಬ. ಅಲ್ಲೇ ತಡೆದಳು. ನಗುತ್ತಿದ್ದವರು ಒಬ್ಬೊಬ್ಬರಾಗಿ ನಿಶ್ಶಬ್ದವಾದರು. ಅವಳು ಇನ್ನೂ ತಡೆದಿದ್ದಳು. ಗುಂಡಿ ಅಕ್ಕನ ಕೈಯಲ್ಲಿದ್ದ ಬಿಸ್ಕತ್ತಿನ ತಟ್ಟೆ ಅಲ್ಲೇ ನಿಂತಿತ್ತು. ಕೊನೆಗೆ ಉಸಿರು ವಾದ್ಯದೊಳಗೆ ಇಳಿದು, ಇನ್ನೂ ಸ್ವರವಾಗದೆ, ಸಣ್ಣದೊಂದು ಸಿಳ್ಳೆಯಾಗಿ ಹೊರಬಂತು.

ತಂಗಿ ಅಕ್ಕನ ಕೈ ಹಿಡಿದುಕೊಂಡಳು. "ಮಾವ, ಅಲ್ವಾ?" ಎಂದು ಪಿಸುಗುಟ್ಟಿದಳು.

"ಮಾವನೇ," ಎಂದಳು ಗುಂಡಿ ಅಕ್ಕ. "ಈಗ ಸುಮ್ನಿರು, ಕೇಳೋಣ."